ಎಲ್ಲೆಲ್ಲೂ ಸೋಡಿಯಂ: ಜ್ವಾಲೆಯ ಬಣ್ಣ ಓದಲು ನೂರು ವರ್ಷ ಹಿಡಿದದ್ದೇಕೆ?

ಪರೀಕ್ಷಿಸಬೇಕಾದ ಲವಣವನ್ನು ಉರಿಗೆ ಹಿಡಿಯುವ ಪ್ಲಾಟಿನಂ ತಂತಿಯನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಿ, ಕಾಯಿಸಿ, ಮತ್ತೆ ಅದ್ದಿ ಶುಚಿ ಮಾಡಿದರೂ ಜ್ವಾಲೆಯಲ್ಲಿ ಹಳದಿ ಇಣುಕುವುದುಂಟು. ಬೆರಳು ಸೋಕಿದರೆ ಸಾಕು, ಬೆವರಿನ ಸೋಡಿಯಂ ತಂತಿಗೆ ಹತ್ತಿಕೊಳ್ಳುತ್ತದೆ. ಲೋಹಗಳನ್ನು ಜ್ವಾಲೆಯ ಬಣ್ಣದಿಂದ ಪತ್ತೆಹಚ್ಚುವ ವಿದ್ಯೆ ಒಂದು ಶತಮಾನ ತೆವಳಿದ್ದಕ್ಕೆ ಬಹುಮಟ್ಟಿಗೆ ಈ ಹಳದಿಯೇ ಕಾರಣ ಎನ್ನಬೇಕು.

ಆರಂಭವೇನೋ ಬೇಗನೇ ಆಗಿತ್ತು. 1752ರಲ್ಲಿ ಸ್ಕಾಟ್ಲೆಂಡಿನ ಥಾಮಸ್ ಮೆಲ್ವಿಲ್ ಲವಣ ಬೆರೆತ ಮದ್ಯಸಾರದ ಜ್ವಾಲೆಯನ್ನು ಪ್ರಿಸಂ ಮೂಲಕ ನೋಡಿದ್ದ. ಕೆಲವೇ ವರ್ಷಗಳಲ್ಲಿ ಜರ್ಮನಿಯ ಮಾರ್ಗ್‌ಗ್ರಾಫ್ ಸೋಡಿಯಂ ಲವಣಗಳಿಗೆ ಹಳದಿ, ಪೊಟ್ಯಾಸಿಯಂ ಲವಣಗಳಿಗೆ ನಸುನೇರಳೆ ಎಂದು ಗುರುತಿಸಿದ. ಬರಿಗಣ್ಣಿಗೆ ಕೆಂಪಾಗಿಯೇ ಕಾಣುವ ಲಿಥಿಯಂ, ಸ್ಟ್ರಾನ್ಷಿಯಂಗಳನ್ನು ಟಾಲ್ಬಟ್ 1834ರಲ್ಲಿ ಪ್ರಿಸಂ ಹಿಡಿದು ಬೇರ್ಪಡಿಸಿದ. ಆದರೆ ಏನನ್ನು ಸುಟ್ಟರೂ ಪ್ರಿಸಂ ಬಿಡಿಸಿ ತೋರುವ ಬಣ್ಣಗಳ ನಡುವೆ ಅದೇ ಹಳದಿ ಗೆರೆ! ನೀರೇ ಇದಕ್ಕೆ ಕಾರಣವೇನೋ ಎಂಬ ಊಹೆಯೂ ಹುಟ್ಟಿತ್ತು. ಉಪ್ಪಿನ ಲವಲೇಶವಿದ್ದರೂ ಆ ಗೆರೆ ಮೂಡುತ್ತದೆ ಎಂದು ವಿಲಿಯಂ ಸ್ವಾನ್ ತೋರಿಸುವ ಹೊತ್ತಿಗೆ 1850ರ ದಶಕ ಬಂದಿತ್ತು.

ಅದೇ ದಶಕದಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನ ರಸಾಯನವಿಜ್ಞಾನಿ ಬುನ್ಸೆನ್ ಕೈಗೆ ತನ್ನದೇ ಬಣ್ಣವಿಲ್ಲದಂಥ ಉರಿಯ ಬರ್ನರ್ ಸಿಕ್ಕಿತು. ಬಣ್ಣದ ಗಾಜುಗಳಿಂದ ಹಳದಿಯನ್ನು ಸೋಸಿ ನೋಡುತ್ತಿದ್ದ ಅವನಿಗೆ ಪ್ರಿಸಂ ಬಳಸು ಎಂದವನು ಭೌತವಿಜ್ಞಾನಿ ಗೆಳೆಯ ಕಿರ್ಕಾಫ್. ಇಬ್ಬರೂ ಸೇರಿ ಬೆಳಕನ್ನು ಬಣ್ಣದ ಗೆರೆಗಳಾಗಿ ಬಿಡಿಸಿ ತೋರುವ ರೋಹಿತದರ್ಶಕ ಕಟ್ಟಿದರು. ಒಮ್ಮೆ ಕೋಣೆಯ ದೂರದ ಮೂಲೆಯಲ್ಲಿ 3 ಮಿಲಿಗ್ರಾಂ ಸೋಡಿಯಂ ಕ್ಲೋರೇಟನ್ನು ಹಾಲಿನ ಸಕ್ಕರೆಯೊಂದಿಗೆ ಸಿಡಿಸಿದರು. ಕೆಲವು ನಿಮಿಷ ಕಳೆದ ಮೇಲೆ ಈಚೆಯ ಜ್ವಾಲೆಯಲ್ಲಿ ಸೋಡಿಯಂ ಗೆರೆ ಝಗ್ಗೆಂದಿತು. ಮಿಲಿಗ್ರಾಮಿನ 30 ಲಕ್ಷದಲ್ಲೊಂದು ಪಾಲಿಗಿಂತಲೂ ಕಡಿಮೆ ಸೋಡಿಯಂ ಗೋಚರಿಸುತ್ತದೆ ಎಂಬುದು ಅವರ ಲೆಕ್ಕ. ಕಾಡುತ್ತಿದ್ದ ಗೆರೆಯೇ ವಿಧಾನದ ಸೂಕ್ಷ್ಮತೆಗೆ ಸಾಕ್ಷಿ ನುಡಿಯಿತು.

1860ರಲ್ಲಿ ಡ್ಯೂರ್ಕ್‌ಹೈಮ್‌ನ ಖನಿಜಜಲದಲ್ಲಿ ಯಾವ ಪರಿಚಿತ ಲೋಹಕ್ಕೂ ಸೇರದ ಎರಡು ನೀಲಿ ಗೆರೆಗಳು ಕಂಡವು. ಅದೇ ಸೀಸಿಯಂ. ಮರುವರ್ಷ ರುಬಿಡಿಯಂ, ಥ್ಯಾಲಿಯಂ, 1863ರಲ್ಲಿ ಇಂಡಿಯಂ. ಥ್ಯಾಲಿಯಂ ಹುಡುಕುತ್ತಿದ್ದಾಗ ಇಂಡಿಯಂ ಎದುರಾದ ರೈಕ್‌ಗೆ ವರ್ಣಾಂಧತೆಯಿತ್ತು. ಗೆರೆ ನೋಡುವ ಕೆಲಸ ಸಹಾಯಕ ರಿಕ್ಟರ್‌ನ ಪಾಲಿಗೆ ಬಂತು.

ಲೋಹಕ್ಕೊಂದು ಗೆರೆಯ ಗುರುತೇಕೆ ಎಂಬುದರ ಸುಳಿವು ಸಿಕ್ಕಿದ್ದು, ಪರಮಾಣುವಿನ ಎಲೆಕ್ಟ್ರಾನುಗಳಿಗೆ ನಿಗದಿತ ಶಕ್ತಿಮಟ್ಟಗಳಿವೆ ಎಂದ 1913ರ ಬೋರ್ ಮಾದರಿಯ ನಂತರ. ಪ್ರಯೋಗಾಲಯದಲ್ಲಿ ‘ಲೋಹ ಅಯಾನುಗಳ ಪರೀಕ್ಷೆ’ ಎಂದರೂ 589 ನ್ಯಾನೋಮೀಟರಿನ ಹಳದಿಯನ್ನು ಸೂಸುವುದು ಎಲೆಕ್ಟ್ರಾನ್ ಕಳೆದುಕೊಂಡ ಸೋಡಿಯಂ ಅಯಾನಲ್ಲ. ಉರಿಯಲ್ಲಿ ಎಲೆಕ್ಟ್ರಾನ್ ಮರಳಿ ಪಡೆದ ಪರಮಾಣು. ಬೇರಿಯಂನ ಹಸಿರಿನ ಕಥೆ ಮತ್ತೂ ಬೇರೆ, ಅದರಲ್ಲಿ ಹೆಚ್ಚಿನ ಪಾಲು ಜ್ವಾಲೆಯಲ್ಲೇ ಹುಟ್ಟುವ ಅಣುಗಳದ್ದು.