ಶ್ವೇತಕುಬ್ಜ ಜೋಡಿಗಳು: ಕ್ಷ-ಕಿರಣದ ಲೆಕ್ಕ ತಾಳೆಯಾಗದೇ ಉಳಿದ ಕಥೆ

ಶ್ವೇತಕುಬ್ಜವೆಂದರೆ ಇಂಧನ ತೀರಿ ಕುಗ್ಗಿದ ನಕ್ಷತ್ರ; ಕೆಲವು ಪಕ್ಕದ ಸಣ್ಣ, ತಂಪಾದ ಕೆಂಪು ಕುಬ್ಜ ನಕ್ಷತ್ರದಿಂದ ಅನಿಲ ಸೆಳೆಯುತ್ತವೆ. ಇವುಗಳಲ್ಲಿ ಕಾಂತೀಯವಾದ ಜೋಡಿಗಳ ಬಗ್ಗೆ ಎರಡು ಕಾಲದ ಬರಹಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ ಗೊಂದಲ ಖಚಿತ. ಹಳೆಯದರಲ್ಲಿ ಇವು ಮೃದು (ಕಡಿಮೆ ಶಕ್ತಿಯ) ಕ್ಷ-ಕಿರಣವನ್ನು ಧಾರಾಳವಾಗಿ ಸೂಸುವ ಕಾಯಗಳು. ಹೊಸದರಲ್ಲಿ ಆ ಧಾರಾಳವೇ ಕಾಣೆ. ಈ ನಡುವೆ ನಕ್ಷತ್ರಗಳೇನೂ ಬದಲಾಗಿಲ್ಲ.

ಇಂಥದೇ ಒಂದು ಜೋಡಿಯಾದ ಎಎಂ ಹರ್ಕ್ಯುಲಿಸ್‌ನ ಹೊಳಪು ಏರಿಳಿಯುತ್ತದೆಂದು 1923ರಲ್ಲೇ ದಾಖಲಾಗಿತ್ತು. ಮುಂದಿನ ಐವತ್ತು ವರ್ಷ ಅದನ್ನು ಅಷ್ಟಾಗಿ ವಿಚಾರಿಸಿದವರಿಲ್ಲ. ಉಹುರು ಉಪಗ್ರಹ ಪಟ್ಟಿ ಮಾಡಿದ್ದ ಒಂದು ಕ್ಷ-ಕಿರಣ ಮೂಲ ಇದೇ ಇರಬೇಕೆಂಬ ಸುಳಿವು ಸಿಕ್ಕಿದ ಮೇಲೆ, 1976ರಲ್ಲಿ ಸ್ಯಾಂಟಿಯಾಗೊ ತಾಪಿಯಾ ಅದರ ಬೆಳಕಿನಲ್ಲಿ ವೃತ್ತೀಯ ಧ್ರುವೀಕರಣವನ್ನು (ಬೆಳಕಿನ ಕಂಪನ ಸುತ್ತುತ್ತ ಸಾಗುವ ಗುಣ) ಅಳೆದರು. ಕೋಟಿ ಗೌಸ್ ಮಟ್ಟದ ಕಾಂತಕ್ಷೇತ್ರ ಇಲ್ಲದೆ ಹಾಗಾಗುವುದಿಲ್ಲ. ಇಂಥ ಜೋಡಿಗಳಿಗೆ 'ಪೋಲಾರ್' ಎಂಬ ಹೆಸರು ಬಿತ್ತು.

ಇವುಗಳಲ್ಲಿ ಕೆಂಪು ಕುಬ್ಜದಿಂದ ಸೋರಿದ ಅನಿಲ ಶ್ವೇತಕುಬ್ಜದ ಸುತ್ತ ತಟ್ಟೆ ಕಟ್ಟಿಕೊಳ್ಳಲು ಕಾಂತಕ್ಷೇತ್ರ ಬಿಡುವುದಿಲ್ಲ. ಹಿಡಿದು ಧ್ರುವದ ಕಡೆಗೇ ಹರಿಸುತ್ತದೆ. ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗದಲ್ಲಿ ಬೀಳುವ ಅನಿಲ, ಮೇಲ್ಮೈಗಿಂತ ತುಸು ಮೇಲೆ ಆಘಾತ ತರಂಗಕ್ಕೆ ಸಿಕ್ಕಿ ಕೋಟಿಗಟ್ಟಲೆ ಡಿಗ್ರಿಗೆ ಕಾದು ಕಠಿಣ (ಹೆಚ್ಚು ಶಕ್ತಿಯ) ಕ್ಷ-ಕಿರಣ ಸೂಸುತ್ತದೆ. ಅದರಲ್ಲಿ ಸುಮಾರು ಅರ್ಧ ಕೆಳಗೆ ಬಡಿದು, ಮೇಲ್ಮೈಯನ್ನು ಕಾಯಿಸಿ, ಮೃದು ಕ್ಷ-ಕಿರಣವಾಗಿ ಹೊರಬರಬೇಕು. ಅಂದರೆ ಎರಡೂ ಹೆಚ್ಚುಕಡಿಮೆ ಸರಿಸಮ ಇರಬೇಕು. 1979ರ ಹೊತ್ತಿಗೆ ಸಿದ್ಧಾಂತ ಹೇಳಿದ್ದು ಇಷ್ಟು.

ಅಳೆದಾಗ ಮೃದು ಭಾಗವೇ ಹಲವು ಪಟ್ಟು ಹೆಚ್ಚು ಬಂತು. 1982ರಲ್ಲಿ ಕೈಪರ್ಸ್ ಮತ್ತು ಪ್ರಿಂಗಲ್ ಒಂದು ದಾರಿ ತೋರಿಸಿದರು: ಅನಿಲ ಎಡೆಬಿಡದೆ ಸುರಿಯುವ ಬದಲು ಒತ್ತಾದ ಉಂಡೆಗಳಾಗಿ ಬಿದ್ದರೆ, ಅವು ಮೇಲ್ಮೈ ಸೀಳಿ ಒಳಹೊಕ್ಕು ಆಳದಲ್ಲೇ ಶಾಖ ಬಿಡುತ್ತವೆ, ಹೊರಗೆ ಕಾಣುವುದು ಮೃದು ಕಿರಣ ಮಾತ್ರ. ಚೊಕ್ಕ ವಿವರಣೆ. ಉಂಡೆ ಬೀಳುವುದೂ ಉಂಟು. ಆದರೆ ಎಲ್ಲ ಪೋಲಾರ್‌ಗಳಿಗೂ ಅದನ್ನೇ ಅನ್ವಯಿಸಬೇಕಾಗಿತ್ತೇ?

1990ರಲ್ಲಿ ರೋಸಾಟ್ ಹಾರಿತು. ಇಡೀ ಆಕಾಶ ಸೋಸಿದ ಈ ದೂರದರ್ಶಕ ಡಜನ್‌ಗಟ್ಟಲೆ ಹೊಸ ಪೋಲಾರ್‌ಗಳನ್ನು ಕೊಟ್ಟಿತು. ಕ್ಷೇತ್ರಕ್ಕೆ ಅದು ಸುಗ್ಗಿಯ ಕಾಲ. ಅದು ನೋಡುತ್ತಿದ್ದುದು ಮಾತ್ರ ಶಕ್ತಿಯ ಲೆಕ್ಕದಲ್ಲಿ 0.1ರಿಂದ 2.4 ಕಿಲೋ ಎಲೆಕ್ಟ್ರಾನ್ ವೋಲ್ಟ್‌ವರೆಗೆ. ಆಘಾತದ ಬಿಸಿ ಅನಿಲ ಸೂಸುವುದರಲ್ಲಿ ಹೆಚ್ಚಿನದು ಆ ಮಿತಿಯ ಆಚೆಗಿದೆ, ಹಾಗಾಗಿ ಕಠಿಣ ಭಾಗದ ಲೆಕ್ಕದಲ್ಲಿ ಅಂದಾಜೇ ಹೆಚ್ಚು. ಜೊತೆಗೆ, ಸುಲಭವಾಗಿ ಸಿಕ್ಕಿಬಿದ್ದವೂ ಮೃದು ಕಿರಣ ಜಾಸ್ತಿ ಇದ್ದವೇ. ಒಂದು ಬಣ್ಣ ಮಾತ್ರ ಕಾಣುವ ಕಣ್ಣಿನಿಂದ ಆರಿಸಿ, ಆಮೇಲೆ ಎಲ್ಲವೂ ಅದೇ ಬಣ್ಣ ಎಂದು ಬೆರಗಾದಂತಾಯಿತು. ಈ ಎಚ್ಚರಿಕೆ ಪ್ರಬಂಧಗಳಲ್ಲಿ ಇರಲಿಲ್ಲವೆಂದಲ್ಲ; ಒಬ್ಬರಿಂದೊಬ್ಬರು ಉಲ್ಲೇಖಿಸುತ್ತ ಹೋದಾಗ ಅದು ಉದುರಿಹೋಯಿತು.

ಮೃದು, ಕಠಿಣ ಎರಡನ್ನೂ ಒಟ್ಟಿಗೆ ನೋಡಬಲ್ಲ ದೂರದರ್ಶಕ ಎಕ್ಸ್‌ಎಂಎಂ-ನ್ಯೂಟನ್ 37 ಪೋಲಾರ್‌ಗಳನ್ನು ಒಂದೊಂದಾಗಿ ಗಮನಿಸಿತು. 16ರಲ್ಲಿ ಅನಿಲದ ಹರಿವೇ ಕುಗ್ಗಿತ್ತು. ಉಳಿದವುಗಳಲ್ಲಿ ಹೆಚ್ಚಿನವು ಹಳೆಯ ಸರಳ ಲೆಕ್ಕಕ್ಕೇ ಹೊಂದಿದವು, ಕೆಲವಲ್ಲಂತೂ ಮೃದು ಭಾಗ ಬೇರೆಯಾಗಿ ಕಾಣಲೇ ಇಲ್ಲ. 2004ರಲ್ಲಿ ಇದು ಪ್ರಕಟವಾಯಿತು.

ಬಾಹ್ಯಾಕಾಶ ದೂರದರ್ಶಕಗಳಾದ ಇಂಟೆಗ್ರಲ್, ಸ್ವಿಫ್ಟ್‌ಗಳದು ಇದಕ್ಕೆ ತಿರುವುಮುರುವು. ಕಠಿಣ ಕಿರಣ ಹಿಡಿಯುವ ಇವುಗಳ ಪಟ್ಟಿಯಲ್ಲಿ ತುಂಬಿದ್ದು ಮಧ್ಯಂತರ ಪೋಲಾರ್‌ಗಳು: ಸಾಮಾನ್ಯವಾಗಿ ಕಾಂತಕ್ಷೇತ್ರ ದುರ್ಬಲ, ತಟ್ಟೆಯ ಹೊರಭಾಗ ಉಳಿದಿರುತ್ತದೆ, ಶ್ವೇತಕುಬ್ಜ ಜೋಡಿಯ ಸುತ್ತಾಟಕ್ಕೆ ಹೊಂದಿಕೊಳ್ಳದೆ ತನ್ನದೇ ವೇಗದಲ್ಲಿ ತಿರುಗುತ್ತದೆ. ಈಗ ಇವೇ ಪ್ರಾತಿನಿಧಿಕ ಎಂಬ ಮಾತು ಶುರುವಾಯಿತು.

ಕ್ಷ-ಕಿರಣದ ಗೊಡವೆ ಬಿಟ್ಟು, ಗಾಯಾ ಉಪಗ್ರಹ ಅಳೆದ ನಕ್ಷತ್ರಗಳ ದೂರ ಹಿಡಿದು ಎಣಿಸಿದ್ದು 2020ರಲ್ಲಿ ಬಂತು. 150 ಪಾರ್ಸೆಕ್ (ಸುಮಾರು 490 ಜ್ಯೋತಿರ್ವರ್ಷ) ಒಳಗೆ, ಅನಿಲ ಸೆಳೆಯುವ ಇಂಥ ಶ್ವೇತಕುಬ್ಜ ಜೋಡಿಗಳು 42. ಅವುಗಳಲ್ಲಿ ಕಾಂತೀಯವಾದವು ಮೂರನೇ ಒಂದಕ್ಕಿಂತ ಹೆಚ್ಚು. ಇಂಥ ಎಣಿಕೆ ಮೊದಲೇ ಆಗಿದ್ದರೆ ಎಷ್ಟೋ ವಾದ ತಪ್ಪುತ್ತಿತ್ತು, ಆದರೆ ಆಗ ಅಷ್ಟು ನಿಖರ ದೂರಗಳೇ ಇರಲಿಲ್ಲ.

2019ರಲ್ಲಿ ಹಾರಿದ ಕ್ಷ-ಕಿರಣ ದೂರದರ್ಶಕ ಇರೋಸಿಟಾ 2022ರ ಫೆಬ್ರುವರಿಯಲ್ಲಿ ಕೆಲಸ ನಿಲ್ಲಿಸುವವರೆಗೆ ಆಕಾಶವನ್ನು ನಾಲ್ಕು ಬಾರಿ ಪೂರ್ತಿ ನೋಡಿತ್ತು. ಅದರ ಸೂಕ್ಷ್ಮತೆಯೂ ಮೃದು ಕಿರಣಕ್ಕೇ ಹೆಚ್ಚು. ಹಾಗಿದ್ದೂ ಅದರ ದತ್ತಾಂಶದಿಂದ ಸಿಗುತ್ತಿರುವ ಹೊಸ ಪೋಲಾರ್‌ಗಳಲ್ಲಿ ಕೆಲವಕ್ಕೆ ಎದ್ದು ಕಾಣುವ ಮೃದು ಭಾಗವಿಲ್ಲ.