ಹಸಿ ಎಲೆಗೆ ಟೀ ವಾಸನೆ ಇರೋದಿಲ್ಲ

ನೀಲಗಿರಿಯ ಕೂನೂರಿನಿಂದ ಕೋಟಗಿರಿಗೆ ಹೋಗುವ ದಾರಿಯಲ್ಲಿ ಒಂದು ಟೀ ತೋಟದ ಪಕ್ಕ ಗಾಡಿ ನಿಲ್ಲಿಸಿದ್ದೆವು. ಜನವರಿ ತಿಂಗಳು. ಬೆಳಗ್ಗೆ ಒಂಬತ್ತಾದರೂ ಚಳಿ ಬಿಟ್ಟಿರಲಿಲ್ಲ. ಚಿಗುರು ಕೊಯ್ಯುತ್ತಿದ್ದ ಅಮ್ಮನ ಹತ್ತಿರ ಕೇಳಿದ್ದಕ್ಕೆ ಒಂದು ಹಿಡಿ ಕೊಟ್ಟರು. ಒಂದೊಂದರಲ್ಲೂ ಒಂದು ಕುಡಿ, ಎರಡು ಎಲೆ. ಮೂಗಿಗೆ ಹಿಡಿದರೆ ಹುಲ್ಲು ಕತ್ತರಿಸಿದಾಗ ಬರುತ್ತಲ್ಲ, ಆ ಹಸಿ ವಾಸನೆ. ಅಗಿದರೆ ಬಾಯಿ ತುಂಬ ಒಗರು, ಜೊತೆಗೆ ಸ್ವಲ್ಪ ಕಹಿ. ನಾವು ದಿನಾ ಕುಡಿಯುವ ಟೀಯ ಸುಳಿವೇ ಅದರಲ್ಲಿ ಇರಲಿಲ್ಲ. ಉಳಿದ ಚಿಗುರನ್ನು ಅಂಗೈಯಲ್ಲಿ ಚೆನ್ನಾಗಿ ಹೊಸಕಿ, ಕರವಸ್ತ್ರದಲ್ಲಿ ಕಟ್ಟಿ ಬ್ಯಾಗಿಗೆ ಹಾಕಿಕೊಂಡೆ.

ಮೊದಲು ಈ ಚಳಿಯ ಲೆಕ್ಕ ಹೇಳಿಬಿಡುತ್ತೇನೆ. ಸಾವಿರ ಮೀಟರ್ ಮೇಲೆ ಹತ್ತಿದರೆ ಗಾಳಿ ಸುಮಾರು ಆರೂವರೆ ಡಿಗ್ರಿ ತಣ್ಣಗಾಗುತ್ತದೆ. ಮೈಸೂರು ಇರುವುದು ಸುಮಾರು 770 ಮೀಟರ್ ಎತ್ತರದಲ್ಲಿ, ಕೂನೂರು 1,850ರಲ್ಲಿ. ಅಲ್ಲಿಗೆ ಏಳು ಡಿಗ್ರಿ ವ್ಯತ್ಯಾಸ. ಆದರೆ ಎಷ್ಟೇ ಎತ್ತರ ಹೋದರೂ ಹಗಲಿನ ಉದ್ದ ಬದಲಾಗುವುದಿಲ್ಲ. ನೀಲಗಿರಿ ಸಮಭಾಜಕ ವೃತ್ತಕ್ಕೆ ಹತ್ತಿರ ಇರುವುದರಿಂದ ಡಿಸೆಂಬರಿನ ಅತಿ ಚಿಕ್ಕ ಹಗಲೂ ಹನ್ನೊಂದೂವರೆ ಗಂಟೆಯ ಹತ್ತಿರ ಇರುತ್ತದೆ. ಡಾರ್ಜಿಲಿಂಗಿನಲ್ಲಿ ಅದು ಹತ್ತೂವರೆ ಗಂಟೆಗೆ ಇಳಿಯುತ್ತದೆ. ಟೀ ಗಿಡ ಇದನ್ನು ಗಮನಿಸುತ್ತದೆ. ವಾರಗಟ್ಟಲೆ ಹಗಲು ಹನ್ನೊಂದೂಕಾಲು ಗಂಟೆಗಿಂತ ಕಡಿಮೆಯಾದರೆ ಚಿಗುರುವುದನ್ನು ನಿಲ್ಲಿಸಿ ಮಲಗಿಬಿಡುತ್ತದೆ. ಹಾಗಾಗಿ ಡಾರ್ಜಿಲಿಂಗಿನ ತೋಟಗಳಿಗೆ ಚಳಿಗಾಲದಲ್ಲಿ ಬಿಡುವು, ನೀಲಗಿರಿಯಲ್ಲಿ ವರ್ಷವಿಡೀ ಕೊಯ್ಲು.

ಚಳಿಗೆ ಇಲ್ಲೂ ಚಿಗುರು ನಿಧಾನವಾಗುತ್ತದೆ. ಎಲೆ ಕಡಿಮೆ ಸಿಗುತ್ತದೆ, ಪರಿಮಳ ಜಾಸ್ತಿ ಇರುತ್ತದೆ. ಜನವರಿ, ಫೆಬ್ರವರಿಯ ನೀಲಗಿರಿ ಟೀಗೆ ಒಳ್ಳೆ ಹೆಸರಿರುವುದು ಇದರಿಂದಲೇ. ಆದರೆ ಚಳಿ ಒಂದು ಹದ ಮೀರಬಾರದು. ಮೋಡವಿಲ್ಲದ ರಾತ್ರಿ ನೆಲದ ಬಿಸಿಯೆಲ್ಲ ಆಕಾಶಕ್ಕೆ ಹೋಗಿಬಿಡುತ್ತದೆ. ತಣ್ಣಗಿನ ಗಾಳಿ ಭಾರ, ಅದು ನೀರಿನ ಹಾಗೆ ಇಳಿಜಾರಲ್ಲಿ ಜಾರಿ ತಗ್ಗಿನಲ್ಲಿ ನಿಲ್ಲುತ್ತದೆ. ಆ ತಗ್ಗಿನಲ್ಲಿ ಇಬ್ಬನಿ ಹೆಪ್ಪುಗಟ್ಟಿದರೆ ಚಿಗುರು ಸುಟ್ಟ ಹಾಗೆ ಕಪ್ಪಾಗುತ್ತದೆ.

ಇನ್ನು ಆ ಸೊಂಟದೆತ್ತರದ ಪೊದೆ. ಟೀ ನಿಜಕ್ಕೂ ಮರ, ಸುಮ್ನೆ ಬಿಟ್ಟರೆ ಮೂವತ್ತು ಅಡಿಗೂ ಮೇಲೆ ಬೆಳೆಯಬಲ್ಲದು. ಮನೆಯಲ್ಲಿ ತುಳಸಿಯ ಕುಡಿ ಚಿವುಟಿದರೆ ಪಕ್ಕದಿಂದ ನಾಲ್ಕು ಕವಲು ಒಡೆಯುತ್ತವಲ್ಲ, ಇಲ್ಲೂ ಹಾಗೇ. ತುದಿಯಲ್ಲಿ ತಯಾರಾಗುವ ಆಕ್ಸಿನ್ ಅನ್ನುವ ಹಾರ್ಮೋನು ಪಕ್ಕದ ಮೊಗ್ಗುಗಳನ್ನು ತಡೆದಿರುತ್ತದೆ, ತುದಿ ಹೋದ ತಕ್ಷಣ ಅವಕ್ಕೆ ದಾರಿ ಸಿಗುತ್ತದೆ. ವಾರಕ್ಕೋ ಹದಿನೈದು ದಿನಕ್ಕೋ ಒಂದು ಸಲ ಸಾವಿರಾರು ಕೈಗಳು ಹೀಗೆ ಚಿವುಟುತ್ತಾ ಬಂದಿದ್ದರಿಂದಲೇ ಗುಡ್ಡಗಳು ಹಾಸಿಗೆ ಹಾಸಿದ ಹಾಗೆ ಕಾಣುತ್ತವೆ. ಈ ಕೈಗಳಲ್ಲಿ ಎಷ್ಟೋ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳವು, 1964ರ ಭಾರತ-ಶ್ರೀಲಂಕಾ ಒಪ್ಪಂದದ ನಂತರ ಅಲ್ಲಿನ ಟೀ ತೋಟ ಬಿಟ್ಟು ಇಲ್ಲಿನ ಟೀ ತೋಟಕ್ಕೆ ಬಂದವರು. ಗುಡ್ಡದ ಫೋಟೋ ತೆಗೆಯುವಾಗ ಅದರೊಳಗೆ ಬಗ್ಗಿ ದುಡಿಯುತ್ತಿರುವ ಇವರೂ ನೆನಪಾಗಬೇಕು ಅಂತ ನನಗೆ ತುಂಬಾ ಅನಿಸುತ್ತದೆ.

ಹಸಿ ಎಲೆಯಲ್ಲಿ ಇಲ್ಲದ ಟೀ ವಾಸನೆ ಆಮೇಲೆ ಎಲ್ಲಿಂದ ಬರುತ್ತದೆ? ಫ್ಯಾಕ್ಟರಿಗೆ ಹೋದ ಮೇಲೆ ನನ್ನ ಈ ಪ್ರಶ್ನೆಗೆ ಉತ್ತರ ಸಿಕ್ಕಿತು. ಎಳೆ ಚಿಗುರಿನ ಒಣ ತೂಕದಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಪಾಲಿಫಿನಾಲ್‌ಗಳು. ಒಗರು ಇವುಗಳದ್ದೇ. ಕೀಟಗಳು ತಿನ್ನದಿರಲಿ ಅಂತ ಗಿಡ ಕೂಡಿಟ್ಟ ಸಾಮಾನು ಇದು, ಕೆಫೀನೂ ಅದೇ ಕೆಲಸಕ್ಕೆ. ಎಲೆಯ ಜೀವಕೋಶದಲ್ಲಿ ಪಾಲಿಫಿನಾಲ್ ಒಂದು ಕೋಣೆಯಲ್ಲಿ, ಅದನ್ನು ಬದಲಾಯಿಸುವ ಕಿಣ್ವ ಇನ್ನೊಂದರಲ್ಲಿ. ಎಲೆ ನೆಟ್ಟಗಿರುವ ತನಕ ಎರಡೂ ಸೇರುವುದಿಲ್ಲ. ಫ್ಯಾಕ್ಟರಿಯಲ್ಲಿ ಎಲೆಯನ್ನು ಹನ್ನೆರಡು ಗಂಟೆಗೂ ಜಾಸ್ತಿ ಗಾಳಿಗೆ ಹರಡಿ ಬಾಡಿಸುತ್ತಾರೆ. ಆಮೇಲೆ ಯಂತ್ರಕ್ಕೆ ಹಾಕಿ ಹೊಸಕುತ್ತಾರೆ. ಗೋಡೆ ಒಡೆದು ರಸ ಹೊರಬರುತ್ತದೆ, ಕಿಣ್ವ, ಪಾಲಿಫಿನಾಲ್, ಆಮ್ಲಜನಕ ಮೂರೂ ಸೇರುತ್ತವೆ. ಬಾಳೆಕಾಯಿ, ಬದನೆಕಾಯಿ ಹೆಚ್ಚಿಟ್ಟರೆ ಕಪ್ಪಾಗುವುದು ಕೂಡ ಇದೇ ಥರದ ಕಿಣ್ವದಿಂದ. ಗಾಳಿ ತಾಗದಿರಲಿ ಅಂತ ತಾನೇ ಹೆಚ್ಚಿದ್ದನ್ನು ನೀರಿಗೆ ಹಾಕುವುದು? ಅಡುಗೆಮನೆಯಲ್ಲಿ ನಾವು ತಡೆಯುವುದನ್ನು ಇಲ್ಲಿ ಬೇಕೆಂದೇ ಮಾಡಿಸುತ್ತಾರೆ.

ಹಸಿರು ಪುಡಿ ನನ್ನ ಕಣ್ಣೆದುರೇ ಹಳದಿಗೆ ತಿರುಗಿ, ಆಮೇಲೆ ತಿಕ್ಕಿದ ತಾಮ್ರದ ಚೊಂಬಿನ ಬಣ್ಣಕ್ಕೆ ಬಂತು. ಹೊಳಪು ಕೊಡುವ ಥಿಯಾಫ್ಲೇವಿನ್, ಕೆಂಪು ಕೊಡುವ ಥಿಯಾರುಬಿಜಿನ್ ಹುಟ್ಟುವುದು ಈ ಹೊತ್ತಿನಲ್ಲೇ. ಸಕ್ಕರೆಯ ಜೊತೆ ಕಟ್ಟಿಹಾಕಿದ ಹಾಗಿದ್ದ ಪರಿಮಳದ ಅಣುಗಳೂ ಬಿಡುಗಡೆಯಾಗುತ್ತವೆ. ಫ್ಯಾಕ್ಟರಿಯವರು ಇದಕ್ಕೆ ಫರ್ಮೆಂಟಿಂಗ್ ಅನ್ನುತ್ತಾರೆ. ಆದರೆ ದೋಸೆ ಹಿಟ್ಟು ಹುಳಿಯುವಾಗ ಕೆಲಸ ಮಾಡುವ ಸೂಕ್ಷ್ಮಜೀವಿಗಳಿಗೆ ಇಲ್ಲಿ ಪಾತ್ರವಿಲ್ಲ. ಹದ ಬಂದ ಕೂಡಲೇ ಬಿಸಿಗಾಳಿಯ ಡ್ರೈಯರಿಗೆ ಹಾಕುತ್ತಾರೆ, ಕಿಣ್ವ ಅಲ್ಲಿಗೆ ಸಾಯುತ್ತದೆ. ಗ್ರೀನ್ ಟೀ ಮಾಡುವಾಗ ಈ ಬಿಸಿಯನ್ನು ಮೊದಲೇ ಕೊಟ್ಟುಬಿಡುತ್ತಾರೆ, ಅದಕ್ಕೇ ಅದು ಹಸಿರಾಗಿ ಉಳಿಯುತ್ತದೆ. ಒಂದು ಕಿಲೋ ಪುಡಿಗೆ ನಾಲ್ಕು ಕಿಲೋಗಿಂತ ಜಾಸ್ತಿ ಹಸಿ ಎಲೆ ಬೇಕು.

ಹೊರಗೆ ಎಲೆ ಮೂಟೆ ಇಳಿಸುತ್ತಿದ್ದ ಹಿರಿಯರೊಬ್ಬರು ಬಡಗರು, ನೀಲಗಿರಿಯ ಸ್ಥಳೀಯ ಸಮುದಾಯದವರು. ಅವರ ಬಡಗ ಭಾಷೆ, ನಮ್ಮ ಕನ್ನಡ ಅಷ್ಟು ಹತ್ತಿರ ಇರುವುದರಿಂದ ನಿಧಾನವಾಗಿ ಆಡಿದರೆ ಮಾತು ನಡೆಯುತ್ತದೆ. ಅಲ್ಲಿನ 2,637 ಮೀಟರಿನ ಶಿಖರದ ಹೆಸರೇ ದೊಡ್ಡಬೆಟ್ಟ, ಅಲ್ವಾ. ಸ್ವಂತದ ಸಣ್ಣ ತೋಟ ಅವರದು. ಎಲೆಗೆ ಸಿಗುವ ದರ ಕೆಲವು ವರ್ಷ ಕೂಲಿಗೂ ಸಾಲುವುದಿಲ್ಲ ಅಂದರು. ಹಿಂದೆ ಅಲ್ಲೆಲ್ಲ ಶೋಲಾ, ಅಂದರೆ ಬೆಟ್ಟದ ಮೇಲಿನ ಕುಳ್ಳ ಮರಗಳ ದಟ್ಟ ಕಾಡು ಇತ್ತು ಅಂತ ಎದುರಿನ ಗುಡ್ಡ ತೋರಿಸಿದರು. ಈಗ ಕಾಟಿಗಳು ಟೀ ಸಾಲುಗಳ ನಡುವೆಯೇ ಓಡಾಡುತ್ತವಂತೆ. ಆ ಗುಡ್ಡದ ಮಡಿಕೆಯಲ್ಲಿ ಒಂದು ಚೂರು ಶೋಲಾ ಮಾತ್ರ ಉಳಿದಿತ್ತು, ಹೊಳೆ ಇಳಿಯುವ ಜಾಗದಲ್ಲಿ.

ಸಂಜೆ ಬಂಡೀಪುರ ದಾಟಿ ಗುಂಡ್ಲುಪೇಟೆಯಲ್ಲಿ ಟೀಗೆ ನಿಲ್ಲಿಸಿದಾಗ ಕರವಸ್ತ್ರ ನೆನಪಾಯಿತು. ಬಿಚ್ಚಿದೆ. ಬಟ್ಟೆ ತುಂಬ ಕಂದು ಕಲೆ. ಹಸಿರು ಪೂರ್ತಿ ಹೋಗಿತ್ತು, ಎಲೆ ಸುರುಳಿಯಾಗಿ ಮೆತ್ತಗಾಗಿತ್ತು. ಮೂಗಿನ ಹತ್ತಿರ ತಂದರೆ ಹಣ್ಣಿನಂಥ ಸಿಹಿ ವಾಸನೆ, ಅದರ ಹಿಂದೆಯೇ ಟೀ.