ಉಡಿದಾರದ ಜಾಗದಲ್ಲಲ್ಲ, ಸ್ವಲ್ಪ ಮೇಲೆ

"ಸಣ್ಣಗಿದೀನಲ್ಲ ಸಾರ್, ನಂಗೆಲ್ಲಿ ಶುಗರ್ ಬರುತ್ತೆ?"

ಚಿಂತಾಮಣಿಯ ಮಂಡಿ ವ್ಯಾಪಾರಿಯೊಬ್ಬರ ಮಾತಿದು. ಬಂದಿದ್ದು ಮೊಣಕಾಲು ನೋವಿಗೆ. ವಯಸ್ಸು 42, ಎತ್ತರ 168 ಸೆಂ.ಮೀ., ತೂಕ 65 ಕೆ.ಜಿ. ಕೈಕಾಲು ಕಡ್ಡಿ. ಅಂಗಿ ಎತ್ತಿಸಿ ಹೊಟ್ಟೆಗೆ ಟೇಪ್ ಸುತ್ತಿದೆ. 94 ಸೆಂ.ಮೀ.!

ಇವರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 23. ಹಳೆಯ ಚಾರ್ಟ್ ನೋಡಿದರೆ 25ರ ತನಕ ಚಿಂತೆಯಿಲ್ಲ. ಆದರೆ ಆ ಗೆರೆ ಹೆಚ್ಚಾಗಿ ಯುರೋಪಿನವರ ಮೈಕಟ್ಟು ನೋಡಿ ಎಳೆದದ್ದು. ಏಷ್ಯಾದವರು 23ಕ್ಕೇ ಎಚ್ಚರವಾಗಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲೇ ಹೇಳಿದ್ದರು.

ಅದೇ ವರ್ಷ ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ ಅಕ್ಕಪಕ್ಕ ನಿಂತ ಫೋಟೊ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಇಬ್ಬರ ಬಿಎಂಐ ಕೂಡ 22.3. ಮೈಯಲ್ಲಿದ್ದ ಕೊಬ್ಬು ಮಾತ್ರ ಯುಡ್ಕಿನ್ ಅವರಿಗೆ ಶೇ. 9.1, ನಮ್ಮ ಯಾಜ್ಞಿಕ್ ಅವರಿಗೆ ಶೇ. 21.2! ನಮ್ಮವರಲ್ಲಿ ಮಾಂಸಖಂಡ ಕಡಿಮೆ, ಕೊಬ್ಬು ಜಾಸ್ತಿ. ಅದೂ ಹೊಟ್ಟೆಯೊಳಗೆ, ಲಿವರ್ ಸುತ್ತ ಹೋಗಿ ಕೂರುತ್ತದೆ. ಅಲ್ಲಿ ಕೂತ ಕೊಬ್ಬು, ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್‌ಗೆ ಅದರ ಕೆಲಸ ಮಾಡಲು ಬಿಡುವುದಿಲ್ಲ. ತಕ್ಕಡಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು?

ಅದಕ್ಕೇ ಟೇಪ್. ಸೊಂಟದ ಸುತ್ತಳತೆಗೆ ಎಚ್ಚರಿಕೆಯ ಗೆರೆ ಭಾರತದ ಗಂಡಸರಿಗೆ 90 ಸೆಂ.ಮೀ., ಅಂದರೆ ಸುಮಾರು 35.5 ಇಂಚು. ಹೆಂಗಸರಿಗೆ 80, ಸುಮಾರು 31.5 ಇಂಚು. ಅಮೆರಿಕದಲ್ಲಿ ಬಹಳ ಕಾಲ ಬಳಸಿದ ಗೆರೆ ಗಂಡಸರಿಗೆ 102. ಆ ಲೆಕ್ಕದಲ್ಲಿ ನಮ್ಮ ವ್ಯಾಪಾರಿ ಆರಾಮಾಗಿ ಪಾಸ್!

"ನನ್ನ ಪ್ಯಾಂಟ್ 34 ಸಾರ್" ಅಂತ ಅವರು ವಾದಕ್ಕಿಳಿದರು. ಪ್ಯಾಂಟು ನಿಲ್ಲುವುದು ಹೊಟ್ಟೆಯ ಕೆಳಗೆ ಅಲ್ವಾ? ಉಡಿದಾರವೂ ಅಷ್ಟೇ, ಜಾರಿ ಕೆಳಗೇ ಇರುತ್ತದೆ. ಅಳೆಯಬೇಕಾದದ್ದು ಅಲ್ಲಲ್ಲ. ಪಕ್ಕದಲ್ಲಿ ಬೆರಳಿಟ್ಟು ಕೊನೆಯ ಪಕ್ಕೆಲುಬು ಹುಡುಕಿ. ಸೊಂಟದ ಮೂಳೆಯ ಮೇಲಂಚು ಹುಡುಕಿ. ಎರಡರ ನಡುಮಧ್ಯೆ ಟೇಪ್ ಸುತ್ತಿ, ಬಿಗಿಯದೆ. ಉಸಿರು ಸಹಜವಾಗಿ ಹೊರಬಿಟ್ಟಾಗ ನೋಡಿ. ಟೇಪ್ ಕಂಡ ಕೂಡಲೇ ಹೊಟ್ಟೆ ಒಳಗೆಳೆದುಕೊಳ್ಳುವ ಗಂಡಸರೇ ಜಾಸ್ತಿ. ಎರಡು ಮಾತಾಡಿಸಿ, ತಾನಾಗೇ ಹೊರಬರುತ್ತದೆ.

ಅಳತೆಯೊಂದೇ ಸಾಲದು. ಚೆನ್ನೈನಲ್ಲಿ ರೂಪಿಸಿದ ಭಾರತೀಯ ಡಯಾಬಿಟಿಸ್ ಅಪಾಯದ ಅಂಕಪಟ್ಟಿ ನಾಲ್ಕು ವಿಷಯ ಕೇಳುತ್ತದೆ: ವಯಸ್ಸು, ಸೊಂಟ, ಓಡಾಟ, ಅಪ್ಪ ಅಮ್ಮನಿಗೆ ಶುಗರ್ ಇದೆಯೇ. ಇವರ ವಯಸ್ಸಿಗೆ 20, ಸೊಂಟಕ್ಕೆ 10, ಅಮ್ಮನಿಗೆ ಶುಗರ್ ಇರುವುದಕ್ಕೆ 10. ಮನೆಯಿಂದ ಮಂಡಿಗೆ ಬೈಕು, ಮಂಡಿಯಲ್ಲಿ ಕುರ್ಚಿ, ವ್ಯಾಯಾಮ ಸೊನ್ನೆ. ಅದಕ್ಕೆ 30. ಒಟ್ಟು 70. ನೂರಕ್ಕೆ 60 ಬಂದರೇ ಅಪಾಯ ಜಾಸ್ತಿ.

ಹಾಗಂತ ಶುಗರ್ ಇದೆ ಅಂತ ಟೇಪ್ ತೀರ್ಪು ಕೊಡುವುದಿಲ್ಲ. ಸೊಂಟ 80 ಇದ್ದ ಗಂಡಸರಲ್ಲೂ ಶುಗರ್ ನೋಡಿದ್ದೇನೆ. ಯಾರ ರಕ್ತ ಮೊದಲು ನೋಡಬೇಕು ಎಂಬುದಷ್ಟೇ ಟೇಪಿನ ಕೆಲಸ. ಖಾಲಿ ಹೊಟ್ಟೆಯ ಶುಗರ್ 126 ಅಥವಾ ಅದಕ್ಕಿಂತ ಜಾಸ್ತಿ ಬಂದರೆ, ಲಕ್ಷಣ ಇಲ್ಲದವರಿಗೆ ಇನ್ನೊಮ್ಮೆ ಪರೀಕ್ಷಿಸಿಯೇ ಖಚಿತ ಮಾಡುತ್ತೇವೆ.

ಜೊತೆಗೆ ಬಂದಿದ್ದ ಅವರ ಹೆಂಡತಿ ನಗುತ್ತಾ, "ನಂದೂ ನೋಡಿ ಸಾರ್" ಅಂದರು. ನರ್ಸಮ್ಮ ಒಳಗೆ ಕರೆದು ಅಳೆದರು. 84.

ನಾಳೆ ಬೆಳಿಗ್ಗೆ ಇಬ್ಬರೂ ಕಾಫಿ ಕುಡಿಯದೆ ಬನ್ನಿ ಅಂದೆ.